ಮಿಕ್ಕ ಗುಳಿಗೆ

ಧರಣೇಂದ್ರ ಪಂಡಿತರ ಬಳಿ ವೈದ್ಯ ಕಲಿಯುತ್ತಿದ್ದ ಭುಜಬಲಿ ಕೇಳಿದ:

"ಗುರುಗಳೇ, ಈಗ ತಾನೇ ಒಬ್ಬ ತಾಯಿ ಅಳುತ್ತಾ ಹೋದಳು. ಅವಳ ಮಗನಿಗೆ ಜ್ವರ. ಪಕ್ಕದ ಮನೆಯವನಿಗೆ ಕೊಟ್ಟ ಕಷಾಯವನ್ನೇ ಕೊಡಿ ಎಂದು ಕಾಲು ಹಿಡಿದಳು. ಆ ಕಷಾಯ ಕುಡಿದವನು ಎದ್ದು ಓಡಾಡುವುದನ್ನು ನಾನೂ ಕಂಡಿದ್ದೇನೆ. ನೀವು ಹುಡುಗನ ನಾಡಿ ಹಿಡಿದು, ಗಂಜಿ ಕುಡಿಸು, ನಾಳೆ ನಾನೇ ಬಂದು ನೋಡುತ್ತೇನೆ ಎಂದು ಕಳಿಸಿಬಿಟ್ಟಿರಿ. ಗುಣ ಕಂಡ ಮದ್ದನ್ನು ಕೊಡದೆ ಇರುವುದು ಹೇಗೆ ಸರಿ?"

ಪಂಡಿತರು ಅರೆಯುತ್ತಿದ್ದ ಬೇರನ್ನು ಬದಿಗಿಟ್ಟು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಊರ ಪಕ್ಕದಲ್ಲಿ ಹೊಳೆ, ಹೊಳೆಯಾಚೆ ಇನ್ನೊಂದು ಊರು. ಒಂದು ಮಳೆಗಾಲದಲ್ಲಿ ಎರಡೂ ಊರಿಗೆ ಜ್ವರ ಬಂತು. ಹೊಳೆ ತುಂಬಿ ದೋಣಿ ನಿಂತದ್ದರಿಂದ ಆಚೆಯವರು ಈಚೆಗೆ ಬರುವಂತಿರಲಿಲ್ಲ.

ವೈದ್ಯನ ಬಳಿ ಉಗ್ರವಾದ ಒಂದು ಗುಳಿಗೆಯಿತ್ತು. ಗಡಗಡ ನಡುಗುತ್ತಾ ಬಂದ ಒಬ್ಬ ಕುಂಬಾರನಿಗೆ ಅದನ್ನು ಕೊಟ್ಟ. ಕುಂಬಾರ ಬೇಗನೆ ಚೇತರಿಸಿಕೊಂಡು ಮತ್ತೆ ತಿಗರಿ ತಿರುಗಿಸಿದ. ಮಡಕೆ ಕೊಳ್ಳಲು ಬಂದವರಿಗೆಲ್ಲ ಗುಳಿಗೆಯ ವಿಷಯ ಹೇಳಿದ. ಆಮೇಲೆ ಜ್ವರ ಬಂದವರೆಲ್ಲ ಗುಳಿಗೆ ಕೇಳಿದರು. ವೈದ್ಯ ಕೊಟ್ಟ. ಬೇಡ ಎಂದರೆ ನೊಂದುಕೊಳ್ಳುತ್ತಿದ್ದರು, ಕೊಟ್ಟರೆ ಸಮಾಧಾನದಿಂದ ಹೋಗುತ್ತಿದ್ದರು. ವಾಸಿಯಾದವರು ಸೋರೆಕಾಯಿ, ಮೊಸರು ಹಿಡಿದು ಬಂದು ಕೈಮುಗಿದರು. ತನ್ನ ಗುಳಿಗೆ ತಪ್ಪುವುದೇ ಇಲ್ಲ ಎಂದು ವೈದ್ಯ ನಂಬಿದ.

ಒಂದು ಬೆಳಿಗ್ಗೆ ಗಾಣದವನ ಹೆಂಡತಿ ಬಂದಳು. ಸೆರಗಿನ ಗಂಟು ಬಿಚ್ಚಿ ಕೆಲವು ಗುಳಿಗೆಗಳನ್ನು ಅವನ ಮುಂದಿಟ್ಟಳು.

"ಇವು ಮಿಕ್ಕಿದವು, ವೈದ್ಯರೇ. ಬೇರೆ ಯಾರಿಗಾದರೂ ಆದೀತು ಅಂತ ತಂದೆ."

"ಯಜಮಾನರಿಗೆ ವಾಸಿಯಾಯಿತೇ?"

"ಹೋಗಿಬಿಟ್ಟರು."

"ನನಗೆ ಯಾಕೆ ಹೇಳಿ ಕಳಿಸಲಿಲ್ಲ, ತಾಯಿ?"

"ಏನೆಂದು ಹೇಳಲಿ? ಊರಿಗೆಲ್ಲ ಹಿಡಿದ ಮದ್ದು ನಮಗೊಬ್ಬರಿಗೆ ಹಿಡಿಯಲಿಲ್ಲ. ನಮ್ಮ ಹಣೆಬರಹ ಅಂದುಕೊಂಡೆ."

ಅವಳು ಹೋದ ಮೇಲೆ ವೈದ್ಯನಿಗೆ ಕೂತಲ್ಲಿ ಕೂರಲಾಗಲಿಲ್ಲ. ಇಷ್ಟು ದಿನ ತನ್ನ ಜಗಲಿಗೆ ತಿರುಗಿ ಬಂದವರೆಲ್ಲ ಬದುಕಿದವರೇ. ಬಾರದವರು ಏನಾದರು? ಅವನು ಎದ್ದು ಗುಳಿಗೆ ಒಯ್ದವರ ಮನೆಗಳಿಗೆ ಹೋದ. ಒಂದು ಮನೆಯಲ್ಲಿ ಗುಳಿಗೆ ನುಂಗಿದ ಮೇಲೆ ವಾಂತಿ ನಿಲ್ಲಲಿಲ್ಲ ಎಂದರು. ಇನ್ನೊಂದರಲ್ಲಿ ಗಂಜಿಯೂ ಹೊಟ್ಟೆಯಲ್ಲಿ ನಿಲ್ಲದೆ ಮುದುಕಿ ತೀರಿಕೊಂಡಿದ್ದಳು. ಮತ್ತೊಂದರಲ್ಲಿ ಬಾಗಿಲಲ್ಲೇ ನಿಂತು ನೆಲ ನೋಡಿದರು. ಎಲ್ಲರೂ ತಮ್ಮ ಮನೆಯೊಂದರಲ್ಲೇ ಹೀಗಾಯಿತು ಎಂದುಕೊಂಡಿದ್ದರು.

ಅವನು ಮನೆಗೆ ಬಂದಾಗ ಅವನ ಒಬ್ಬಳೇ ಮಗಳು ಚಾಪೆಯ ಮೇಲೆ ಮಲಗಿದ್ದಳು. ಮೈ ಸುಡುತ್ತಿತ್ತು. ಹೆಂಡತಿ ಗುಳಿಗೆ ತೇಯ್ದು ಬಟ್ಟಲಲ್ಲಿ ಹಿಡಿದು ಕಾಯುತ್ತಿದ್ದಳು. ವೈದ್ಯ ಬಟ್ಟಲನ್ನು ಕಿತ್ತುಕೊಂಡ.

"ಊರಿಗೆಲ್ಲ ಕೊಟ್ಟಿರಿ, ಇವಳಿಗೆ ಯಾಕೆ ಬೇಡ?"

"ಇದು ಇವಳನ್ನು ಉಳಿಸುತ್ತದೋ ಕೊಲ್ಲುತ್ತದೋ ನನಗೆ ಗೊತ್ತಿಲ್ಲ."

"ಊರಿನವರಿಗೆ ಕೊಡುವಾಗ ಗೊತ್ತಿತ್ತೇ?"

ವೈದ್ಯ ಬಟ್ಟಲನ್ನು ಕೆಳಗಿಟ್ಟ. ಹೊಳೆಯ ನೀರು ಇಳಿದು ದೋಣಿ ಮತ್ತೆ ಹೊರಟಿದೆ ಎಂದು ಯಾರೋ ಹೇಳಿದ್ದು ಅವನಿಗೆ ನೆನಪಾಯಿತು. ಆಚೆಯ ಊರಿಗೂ ಇದೇ ಜ್ವರ ಬಂದಿತ್ತು. ಅಲ್ಲಿ ಯಾರಿಗೂ ಗುಳಿಗೆ ಸಿಕ್ಕಿರಲಿಲ್ಲ. "ನಾನು ಬರುವ ತನಕ ಬಿಸಿನೀರು, ಗಂಜಿಯ ತಿಳಿ, ಇಷ್ಟೇ ಕೊಡು" ಎಂದು ಹೇಳಿ ಹೊರಟ. ದೋಣಿಯಲ್ಲಿ ಕೂತವನಿಗೆ ಹೊಳೆ ಎಂದೂ ಇಲ್ಲದಷ್ಟು ಅಗಲವಾಗಿ ಕಂಡಿತು. ಮಗಳನ್ನು ಬಿಟ್ಟು ಬಂದದ್ದು ತಪ್ಪಾಯಿತೇ ಎಂದು ಮತ್ತೆ ಮತ್ತೆ ಹಿಂದಿರುಗಿ ನೋಡಿದ.

ಆಚೆಯ ಊರಲ್ಲಿ ಅವನು ಮನೆಮನೆಗೆ ಹೋಗಿ ಕೇಳಿದ. ಜ್ವರ ಹೇಗೆ ಬಂತು, ನಡುಕ ಇತ್ತೇ, ನಡುವೆ ಬಿಡುತ್ತಿತ್ತೇ, ಕೊನೆಗೆ ಏನಾಯಿತು? ಕೇಳುತ್ತಾ ಹೋದ ಹಾಗೆ ಜ್ವರ ಒಂದಲ್ಲ, ಎರಡು ಎಂದು ತಿಳಿಯಿತು. ಬಿಟ್ಟು ಬಿಟ್ಟು ನಡುಗಿಸುವ ಜ್ವರದವರು ಗುಳಿಗೆಯಿಲ್ಲದೆ ಇನ್ನೂ ನರಳುತ್ತಿದ್ದರು. ಈಚೆಯ ಊರಲ್ಲಿ ಅಂಥವರು ಕುಂಬಾರನ ಹಾಗೆ ಬೇಗ ಎದ್ದಿದ್ದರು. ಆದರೆ ಬಿಡದೆ ಸುಡುವ ಜ್ವರದವರು ಆಚೆಯ ಊರಲ್ಲಿ ಬರೀ ಗಂಜಿ ಕುಡಿದು, ಬೆವರಿ, ಬಹುಪಾಲು ಎದ್ದಿದ್ದರು. ಅದೇ ಜ್ವರಕ್ಕೆ ಗುಳಿಗೆ ನುಂಗಿದ ಈಚೆಯವರಲ್ಲಿ ಸತ್ತವರು ಹೆಚ್ಚು. ಆಚೆಯಲ್ಲೂ ಆ ಜ್ವರದಿಂದ ಸತ್ತವರಿದ್ದರು. ಕಡಿಮೆ ಜನ, ಆದರೆ ಇದ್ದರು.

ಮಗಳದು ಬಿಡದೆ ಸುಡುವ ಜ್ವರ.

ಅವನು ಮನೆಗೆ ಮರಳಿ ಹೆಂಡತಿಗೆ ಕಂಡದ್ದನ್ನೆಲ್ಲ ಹೇಳಿದ. "ಹಾಗಾದರೆ ಗುಳಿಗೆ ಕೊಡದಿದ್ದರೆ ಬದುಕುತ್ತಾಳೆ ತಾನೇ?" ಎಂದು ಅವಳು ಕೇಳಿದಳು. "ಬದುಕುವ ಸಂಭವ ಹೆಚ್ಚು. ಅದಕ್ಕಿಂತ ಹೆಚ್ಚಿನ ಮಾತು ನನ್ನಲ್ಲಿಲ್ಲ" ಎಂದ.

ಇಬ್ಬರೂ ಚಾಪೆಯ ಎರಡು ಬದಿಗೆ ಕೂತರು. ಒದ್ದೆ ಬಟ್ಟೆ ಹಾಕಿದರು, ತೆಗೆದರು. ಮಗಳು ಕಣ್ಣು ತೆರೆಯಲಿಲ್ಲ. ನೆರೆಯವರು ಬಾಗಿಲಲ್ಲಿ ಇಣುಕಿ, ವೈದ್ಯನ ಮನೆಯಲ್ಲೇ ಮದ್ದಿಲ್ಲವೇ ಎಂದು ಪಿಸುಗುಟ್ಟಿದರು. ಗುಳಿಗೆಯ ಭರಣಿ ಕೈಗೆಟುಕುವಲ್ಲೇ ಇತ್ತು. ಏನಾದರೂ ಕೊಟ್ಟರೆ ಎದೆಯ ಭಾರ ಇಳಿದೀತು ಎಂದು ವೈದ್ಯನಿಗೆ ಅನಿಸಿತು. ಇಳಿಯುವುದು ತನ್ನ ಎದೆಯ ಭಾರ, ಮಗಳ ಜ್ವರವಲ್ಲ ಎಂಬುದೂ ಹೊಳೆಯಿತು. ಅವನು ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತ.

ಆಮೇಲೆ ಅವನು ಊರಿನವರನ್ನು ಕರೆದು ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದ. ನಡುಗಿಸುವ ಜ್ವರಕ್ಕೆ ಮಾತ್ರ ಗುಳಿಗೆ, ಇನ್ನೊಂದಕ್ಕೆ ಇಲ್ಲ ಎಂದ. ಕೆಲವರು ಬೈದರು. ಕೆಲವರು ಕೇಳಿದ್ದನ್ನು ಕೊಡುವ ಬೇರೆ ವೈದ್ಯನನ್ನು ಹುಡುಕಿಕೊಂಡು ಹೋದರು. ಗಾಣದವನ ಹೆಂಡತಿ ಬೈಯಲೂ ಇಲ್ಲ, ಕೈಮುಗಿಯಲೂ ಇಲ್ಲ. ಮಾತು ಮುಗಿಯುವ ತನಕ ನಿಂತು ಕೇಳಿ ಮನೆಗೆ ಹೋದಳು.

ಪಂಡಿತರು ಕತೆ ನಿಲ್ಲಿಸಿದರು. ಭುಜಬಲಿ ತಡೆಯಲಾರದೆ ಕೇಳಿದ: "ಮಗಳು ಏನಾದಳು, ಗುರುಗಳೇ?"

"ಬೆವರಿದಳು. ಜ್ವರ ಬಿಟ್ಟಿತು. ಎದ್ದು ಕೂತು ಅನ್ನ ಕೇಳಿದಳು."

ಭುಜಬಲಿ ನಿಟ್ಟುಸಿರುಬಿಟ್ಟ. "ಸದ್ಯ! ಹಾಗಾದರೆ ಅವನು ಮಾಡಿದ್ದು ಸರಿಯಾಯಿತು."

ಪಂಡಿತರು ಬೇರನ್ನು ಮತ್ತೆ ಕೈಗೆತ್ತಿಕೊಂಡರು.

"ಅವಳು ಸತ್ತಿದ್ದರೂ ಅವನು ಮಾಡಿದ್ದು ಸರಿಯೇ, ಭುಜಬಲಿ."