ಸಾಹೇಬರ ಕುರ್ಚಿಗೆ ಟವೆಲು

ಇಂಗ್ಲಿಷ್ ಡಿಕ್ಷನರಿಯಲ್ಲಿ ‘ಅಡ್ಜಸ್ಟ್’ ಅಂದರೆ ಸರಿಹೊಂದಿಸುವುದು. ನಮ್ಮ ತಾಲ್ಲೂಕು ಕಚೇರಿಯಲ್ಲಿ ಅದರ ಅರ್ಥ ಒಂದೇ: ನೀನು ಎದ್ದೇಳು.

ಹೋದ ತಿಂಗಳು ಶಿರಸ್ತೇದಾರ್ ಗಂಗಾಧರಯ್ಯ ನನ್ನ ಫ್ಯಾನನ್ನು ಬಿಚ್ಚಿಸಿ ತಮ್ಮ ಕೋಣೆಗೆ ಹಾಕಿಸಿಕೊಂಡರು. “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರೀ” ಅಂದರು. ಮಾಡ್ಕೊಂಡೆ. ಆಮೇಲೆ ಹೊಸದಾಗಿ ಸೇರಿದ ಅವರ ಭಾವಮೈದನಿಗೆ ನನ್ನ ಅರ್ಧ ಮೇಜು ಕೊಟ್ಟರು. ಅದನ್ನೂ ಮಾಡ್ಕೊಂಡೆ. ಸೋಮವಾರ ಬಂದು ನೋಡಿದರೆ ನನ್ನ ಕುರ್ಚಿಯ ಮೇಲೂ ಭಾವಮೈದನೇ ಕೂತಿದ್ದಾನೆ! ಕೇಳಿದ್ದಕ್ಕೆ ಮತ್ತೆ ಅದೇ ಪದ. ಇಪ್ಪತ್ತೆರಡು ವರ್ಷ ಸರ್ವೀಸಾದ ಗುಮಾಸ್ತ ಇನ್ನು ನಿಂತುಕೊಂಡು ಬರೆಯಬೇಕಂತೆ!

ಗಂಗಾಧರಯ್ಯ ಸಾಹೇಬರು ಕಾಫಿಗೆ ಹೋದರು. ಬಸ್ಸಿನ ಕಿಟಕಿಯಿಂದ ಸೀಟಿಗೆ ಹಾಕುವ ಹಾಗೆ ನಾನು ಅವರ ಕುರ್ಚಿಗೆ ಟವೆಲು ಎಸೆದೆ. ಹೋಗಿ ಕೂತು ಫೈಲು ಬಿಚ್ಚಿದೆ.

ವಾಪಸ್ ಬಂದ ಸಾಹೇಬರು ಕೆಂಡವಾದರು. “ಏನ್ರೀ ಇದು?”

“ಸೀಟು ಹಿಡಿದಿದ್ದೀನಿ ಸಾರ್. ಇಬ್ಬರಿಗೆ ಆಗುತ್ತೆ, ಬನ್ನಿ.” ನಿಜವಾಗಿಯೂ ಒಂದು ಗೇಣು ಸರಿದೆ.

“ಎದ್ದೇಳ್ರೀ ಮೇಲೆ!”

ಅರ್ಜಿ ಹಿಡಿದು ಬೆಳಿಗ್ಗೆಯಿಂದ ಬಾಗಿಲಲ್ಲೇ ನಿಂತಿದ್ದ ಅಜ್ಜಿಗೆ ತಡೆಯಲಾಗಲಿಲ್ಲ. “ಅವ್ರು ಮೊದ್ಲೇ ಟವೆಲ್ ಹಾಕವ್ರೆ ಕಣಪ್ಪ. ನೀನೇ ಒಸಿ ಅಡ್ಜಸ್ಟ್ ಮಾಡ್ಕೊ.”

ಅಜ್ಜಿಯ ಹಿಂದಿನ ಸಾಲೆಲ್ಲ ಹೌದೆಂದು ತಲೆಯಾಡಿಸಿತು. ಸಾಹೇಬರು ಭಾವಮೈದನನ್ನು ಕೂಗಿದರು.

ಊಟದ ಹೊತ್ತಿಗೆ ನನ್ನ ಕುರ್ಚಿ ವಾಪಸ್ ಬಂತು. ಫ್ಯಾನು ಮಾತ್ರ ಇನ್ನೂ ಅವರ ಕೋಣೆಯಲ್ಲೇ ತಿರುಗುತ್ತಿದೆ. ಟವೆಲು ಒಗೆದು ಇಟ್ಟುಕೊಂಡಿದ್ದೇನೆ.