ಬಚ್ಚಲುಗೋಡೆಯ ಹಿತ್ತಾಳೆ ಚಕ್ರ

ಅಡವೇಶನೆಂಬ ಶಿಷ್ಯ ಊರಿಂದ ಮಠಕ್ಕೆ ಮರಳಿದವನೇ ಗುರುಗಳ ಮುಂದೆ ಕುಳಿತು ಕೇಳಿದ: "ನನ್ನ ತಂಗಿಯ ಹಾಲುಗೂಸು ತೀರಿಕೊಂಡಿತು. ಸಮಾಧಾನ ಹೇಳಲೆಂದು ಓಡಿಹೋದೆ. ಹುಟ್ಟುಸಾವುಗಳ ಬಗ್ಗೆ ತಮ್ಮಿಂದ ಕಲಿತದ್ದನ್ನೆಲ್ಲ ಹೇಳಿದೆ. ಅವಳು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನನ್ನ ಪ್ರೀತಿಯಲ್ಲಿ ಏನು ಕೊರತೆಯಿತ್ತು, ಗುರುಗಳೇ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿ ಹಳೆಯ ಮನೆಯೊಂದನ್ನು ಕೊಂಡ. ಮಾರಿದವಳು ಒಬ್ಬ ಮುದುಕಿ. ಅವಳಿಗೆ ಬೇರೆ ಆಸರೆ ಇರಲಿಲ್ಲ. "ನೀವೂ ಇಲ್ಲೇ ಇರಿ ಅವ್ವಾ" ಎಂದು ವ್ಯಾಪಾರಿ ಹಿಂದಿನ ಕೋಣೆಯನ್ನು ಅವಳಿಗೇ ಬಿಟ್ಟ.

ಬಚ್ಚಲಿನ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು. ಕೊಡ ತುಂಬುವವರೆಗೆ ಮುದುಕಿ ಗೋಡೆಗೊರಗಿ ನಿಂತಿರುತ್ತಿದ್ದಳು. ಅದನ್ನು ನೋಡಿ ವ್ಯಾಪಾರಿಯ ಕರುಳು ಚುರ್ ಎಂದಿತು. ಮಾಳಿಗೆಯ ಮೇಲೆ ಎತ್ತರದ ಕಟ್ಟೆ ಕಟ್ಟಿಸಿ ದೊಡ್ಡ ಟ್ಯಾಂಕ್ ಇಡಿಸಿದ.

ಕೆಲಸದವರಿಗೆ ಬಚ್ಚಲುಗೋಡೆಯ ಬುಡದಲ್ಲಿ ಕಿಲುಬು ಹಿಡಿದ ಹಿತ್ತಾಳೆ ಚಕ್ರವೊಂದು ಕಂಡಿತು. ಕೊಳವೆಯ ನೀರಿನ ದಾರಿಯನ್ನು ಅದು ಅರ್ಧ ಮುಚ್ಚಿತ್ತು. ಯಾತಕ್ಕೆ ಹಾಕಿಸಿದ್ದೆಂದು ಅವರು ಕೇಳಿದರು. "ಯಾವುದೋ ಹಳೆಯದು. ಪೂರ್ತಿ ತೆರೆದು ಮೇಲೆ ಗಾರೆ ಮೆತ್ತಿಬಿಡಿ. ನೀರು ಧಾರಾಳವಾಗಿ ಬರಲಿ" ಎಂದ ವ್ಯಾಪಾರಿ.

ಮರುದಿನ ಮುದುಕಿ ನಲ್ಲಿ ತಿರುಗಿಸಿದಳು. ಅದರ ತಿರುಪು ಕಿತ್ತು ಹಾರಿತು. ನೀರು ಎದೆಗೆ ಬಡಿದು ಅವಳು ಜಾರಿ ಬಿದ್ದಳು. ಗೋಡೆಯೊಳಗೆ ಕೊಳವೆ ಒಡೆಯಿತು. ವ್ಯಾಪಾರಿ ಓಡಿಬಂದು ಅವಳನ್ನು ಎತ್ತಿ ಕೂರಿಸಿದ. ತನ್ನ ಶಲ್ಯದಿಂದ ಅವಳ ತಲೆ ಒರೆಸುತ್ತ ಅತ್ತೇಬಿಟ್ಟ.

"ನಿಮಗೆ ಸುಖವಾಗಲಿ ಅಂತಲೇ ಮಾಡಿದೆ ಅವ್ವಾ."

"ಗೊತ್ತಪ್ಪಾ. ಆದರೆ ನನ್ನನ್ನು ಒಂದು ಮಾತು ಕೇಳಬಹುದಿತ್ತು" ಎಂದಳು ಮುದುಕಿ. "ಆ ಚಕ್ರ ಹಾಕಿಸಿದ್ದು ನಮ್ಮ ಯಜಮಾನರು. ಒಳಗಿನ ಕೊಳವೆ ಸವೆದು ತೆಳ್ಳಗಾಗಿದೆ, ನೀರಿನ ಜೋರು ತಡೆಯುವುದಿಲ್ಲ. ಕಿತ್ತು ಹೊಸದು ಹಾಕಲು ಹೋದರೆ ಈ ಮಣ್ಣಿನ ಗೋಡೆಯೇ ಕುಸಿಯುತ್ತದೆ. ಅದಕ್ಕೇ ಅರ್ಧ ಮುಚ್ಚಿಡುತ್ತಿದ್ದೆವು."

ಒಡೆದ ಕಡೆ ಸರಿ ಮಾಡಿಸಿದ ಮೇಲೆ ವ್ಯಾಪಾರಿ ತಾನೇ ಗಾರೆ ಕೆರೆದು ತೆಗೆದು ಚಕ್ರಕ್ಕೆ ಎಣ್ಣೆ ಬಿಟ್ಟ. ಮುದುಕಿ ಗೋಡೆಗೆ ಕಿವಿಯಿಟ್ಟು ಕುಳಿತಳು. ಅವನು ಚಕ್ರವನ್ನು ಮೆಲ್ಲಮೆಲ್ಲಗೆ ತಿರುಗಿಸಿದ. ಒಳಗಿನ ಅದುರು ನಿಂತಾಗ ಅವಳು "ಸಾಕು" ಎಂದಳು. ನೀರು ಮತ್ತೆ ಸಣ್ಣಗೆ ಬಂತು.

ಅಂದಿನಿಂದ ಅವನು ಬಚ್ಚಲಲ್ಲಿ ಮಣೆ ಹಾಕಿ ಅವಳನ್ನು ಕೂರಿಸುತ್ತಿದ್ದ. ಕೊಡ ತುಂಬುವವರೆಗೆ ತಾನೂ ಪಕ್ಕದಲ್ಲಿ ಕೂರುತ್ತಿದ್ದ. ಅವಳು ತೀರಿಹೋದ ಗಂಡನ ಸುದ್ದಿ ಹೇಳುತ್ತಿದ್ದಳು. ಕೆಲವು ದಿನ ಏನೂ ಹೇಳುತ್ತಿರಲಿಲ್ಲ. ಆಗ ಅವನೂ ಸುಮ್ಮನೆ ಕೂತಿರುತ್ತಿದ್ದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಅಡವೇಶ ತಲೆ ತಗ್ಗಿಸಿ, "ಹಾಗಾದರೆ ನಾನು ಕಡಿಮೆ ಮಾತಾಡಬೇಕಿತ್ತೇ?" ಎಂದ.

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

"ನಿನ್ನ ತಂಗಿ ಆ ಕೂಸನ್ನು ಏನಂತ ಕರೆಯುತ್ತಿದ್ದಳಪ್ಪಾ?"

ಅಡವೇಶನಿಗೆ ಅದು ಗೊತ್ತಿರಲಿಲ್ಲ.