ಜವರಯ್ಯನ ಹನ್ನೊಂದನೇ ಪೆಟ್ಟಿಗೆ

ಕಾವೇರಿಯ ದಡದಲ್ಲಿ, ಹಳೆಯ ದೋಣಿಕಟ್ಟೆಯ ಪಕ್ಕ, ಮೌನೇಶಾಚಾರ್ರು ಅಂತ ಒಬ್ಬ ಗುರುಗಳು. ಹೆಸರು ಮೌನೇಶ, ಕಸುಬು ಸದ್ದು ಮಾಡುವುದು. ಮರ ಕೊಯ್ದು ಪೆಟ್ಟಿಗೆ ಹೂಡಿ, ಅದರ ಮುಖಕ್ಕೊಂದು ಕಾಗದದ ಕೋನ್ ಕೂರಿಸಿ, ಕೈಯಾರೆ ಲೌಡ್‌ಸ್ಪೀಕರ್ ಮಾಡುತ್ತಿದ್ದರು.

ಅಂಥ ಸ್ಪೀಕರ್ ಮೂರು ಲೋಕದಲ್ಲೂ ಇರಲಿಲ್ಲ. ಒಮ್ಮೆ ಅವರು ಮಳೆ ಸದ್ದಿನ ರೆಕಾರ್ಡ್ ಹಾಕಿದರೆ, ಆಚೆ ದಡದ ಹೆಂಗಸರು ಎದ್ದೆನೋ ಬಿದ್ದೆನೋ ಅಂತ ಓಡಿಬಂದು ಒಣಹಾಕಿದ್ದ ಸಂಡಿಗೆಯನ್ನೆಲ್ಲ ಬಾಚಿ ಒಳಗಿಟ್ಟರು. ಒಬ್ಬಾಕೆಯ ಸೆರಗು ಒದ್ದೆಯೂ ಆಗಿತ್ತಂತೆ. ನಂಬದವರು ಆಚೆ ದಡಕ್ಕೆ ಹೋಗಿ ಸಂಡಿಗೆಯನ್ನೇ ವಿಚಾರಿಸಬಹುದು. ಒಂದೆರಡು ಇನ್ನೂ ಮೆತ್ತಗೇ ಇವೆ.

ಆಚಾರ್ರದು ಒಂದೇ ಪಟ್ಟು. ಪೇಟೆಯವರು ದಪ್ಪ ಸ್ವರಕ್ಕೊಂದು ಕೋನ್, ಸಣ್ಣ ಸ್ವರಕ್ಕೊಂದು ಕೋನ್ ಅಂತ ಪೆಟ್ಟಿಗೆ ತುಂಬ ತೂತು ಕೊರೆಯುತ್ತಿದ್ದರು. ಆಚಾರ್ರ ಪೆಟ್ಟಿಗೆಗೆ ಒಂದೇ. ಮಂದ್ರಕ್ಕೂ ಅದೇ, ತಾರಕ್ಕೂ ಅದೇ. ಬಲ್ಲವರು ಅದನ್ನು ಫುಲ್‌ರೇಂಜ್ ಅನ್ನುತ್ತಿದ್ದರು.

"ಒಂದೇ ಸಾಕಾ ಆಚಾರ್ರೇ?" ಅಂದರೆ ಅವರ ಉತ್ತರ ಸಿದ್ಧ.

"ಬಯ್ಯೋಕೊಂದು, ಮುದ್ದಾಡೋಕೊಂದು ಅಂತ ನಿನಗೇನು ಎರಡು ಬಾಯಿ ಕೊಟ್ಟಿದ್ದಾನಾ ದೇವರು?"

ರೆಕಾರ್ಡ್ ತಿರುಗುತ್ತಿರುವಾಗ ಅಲ್ಲಿ ಯಾರೂ ಪಿಟಕ್ಕೆನ್ನುತ್ತಿರಲಿಲ್ಲ. ಸೂರಿನ ಮೇಲಿನ ಕಾಗೆ ಕೂಡ ಪಲ್ಲವಿ ಮುಗಿಯುವ ತನಕ ಕಾದು ಆಮೇಲೆ ಕೂಗುತ್ತಿತ್ತು. ಹಾಗಾಗಿ ಊರವರು ಆ ಹಂಚಿನ ಶೆಡ್ಡನ್ನು ಆಶ್ರಮ ಅನ್ನುತ್ತಿದ್ದರು.

ಆ ಆಶ್ರಮಕ್ಕೊಬ್ಬ ಶಿಷ್ಯ. ಹೆಸರು ಜವರಯ್ಯ, ವಯಸ್ಸು ಐವತ್ತೇಳು. ಊರಿನ ನೀರಿನ ಪಂಪ್‌ಹೌಸಿನಲ್ಲಿ ಮೂವತ್ತು ವರ್ಷ ಮೋಟಾರಿನ ಸದ್ದು ಕೇಳಿ ಕೇಳಿ, ಇನ್ನಾದರೂ ಹಾಡು ಕೇಳೋಣ ಅಂತ ಬಂದು ಸೇರಿದವನು.

ಬಂದ ದಿನವೇ ಆಚಾರ್ರ ಕಾಲಿಗೆ ಬಿದ್ದು ಹೇಳಿಕೊಂಡಿದ್ದ.

"ನನಗೊಂದು ಸದ್ದು ಬೇಕು ಆಚಾರ್ರೇ. ಚಿಕ್ಕಂದಿನಲ್ಲಿ ಸಂತೆಬೀದಿ ಹೋಟೆಲಲ್ಲಿ ಕೇಳಿದ್ದು. ಗಲ್ಲಾದ ಮೇಲೊಂದು ಸ್ಪೀಕರ್ ಇತ್ತು. ಅದರಲ್ಲೊಂದು ಅಂಬಿಗರ ಹಾಡು ಬರೋದು. ಹಾಡಿನ ಕೆಳಗೆ, ಪಾತಾಳದಿಂದ ಬಂದ ಹಾಗೆ, ಒಂದು ಗುಂಯ್. ಕಿವಿಗಲ್ಲ, ಮೂಳೆಗೇ ಕೇಳಿಸೋದು. ಆ ಗುಂಯ್ ಬೇಕು."

"ರೆಕಾರ್ಡ್ ಇದೆಯಾ?"

"ಅದೇ ರೆಕಾರ್ಡ್ ಹುಡುಕಿ ತಂದಿದ್ದೀನಿ."

ಆಚಾರ್ರು ರೆಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ಕೇಳಿದರು.

"ಯಾವ ಕಿವೀಲಿ ಕೇಳಿದ್ದೆ?"

ಜವರಯ್ಯ ಬೆಪ್ಪಾದ. ಇದೇನೋ ದೊಡ್ಡ ವೇದಾಂತವಿರಬೇಕು ಅಂದುಕೊಂಡು ಕೈಮುಗಿದ.

ಮೂರು ವರ್ಷ ಕಳೆಯಿತು. ಪೆಟ್ಟಿಗೆಗಳಾದವು ಹನ್ನೊಂದು.

ಮೊದಲನೆಯದು ಹಲಸಿನ ಮರದ್ದು. ಗುಂಯ್ ಬರಲಿಲ್ಲ. ಎರಡನೆಯದು ಹೊನ್ನೆ. ಬರಲಿಲ್ಲ. ಒಳಗೆ ಬೂರುಗದ ಹತ್ತಿ ತುಂಬಿದ. ಹಾಡು ಕಂಬಳಿ ಹೊದ್ದು ಮಲಗಿತು. ಹತ್ತಿ ಕಿತ್ತ. ಬೆನ್ನಿಗೊಂದು ತೂತು ಕೊರೆದ, ತೂತಿಗೊಂದು ಬಿದಿರಿನ ಕೊಳವೆ ಸಿಕ್ಕಿಸಿದ. ಕೋನಿನ ಅಂಚಿಗೆ ಗೋಂದು ಸವರಿದ. ಐದನೆಯ ಪೆಟ್ಟಿಗೆಯ ಒಳಗಡೆ ಹಲಗೆಗಳನ್ನು ಚಕ್ರವ್ಯೂಹದ ಹಾಗೆ ಜೋಡಿಸಿದ. ಒಳಹೊಕ್ಕ ಸ್ವರ ಹೊರಗೆ ಬರುವ ದಾರಿ ಸಿಗದೆ ಇವತ್ತಿಗೂ ಅಲ್ಲೇ ಸುತ್ತುತ್ತಿದೆ.

ಹನ್ನೊಂದನೆಯದು ಬೀರುವಿನಷ್ಟು ಎತ್ತರ. ಹಳೆಯ ದೋಣಿಯ ಹಲಗೆಯಲ್ಲಿ ಮಾಡಿದ್ದು. ಅದರಲ್ಲಿ ಮೃದಂಗ ಹಾಕಿದರೆ ಹೊಳೆಯ ಮೀನುಗಳು ತಾಳ ತಪ್ಪದೆ ನೆಗೆಯುತ್ತಿದ್ದವು. ಆದರೂ ಅಂಬಿಗರ ಹಾಡಿನ ಕೆಳಗೆ ಆ ಗುಂಯ್ ಇಲ್ಲ.

ಒಂದೊಂದು ಪೆಟ್ಟಿಗೆ ಮುಗಿದಾಗಲೂ ಜವರಯ್ಯ ಕೇಳುವನು.

"ಇನ್ನೇನು ಕೊರತೆ ಆಚಾರ್ರೇ?"

"ಯಾವ ಕಿವೀಲಿ ಕೇಳಿದ್ದೆ?"

ಅಷ್ಟೇ. ಮತ್ತೆ ಗರಗಸದ ಸದ್ದು.

ಒಂದು ಬೆಳಿಗ್ಗೆ ಜವರಯ್ಯ ಬಂದವನೇ ಕೊಡಲಿಯನ್ನು ಬಾಗಿಲಿಗೆ ಒರಗಿಸಿಟ್ಟ.

"ಇವತ್ತು ಸಂಜೆ ನಮ್ಮಕ್ಕ ಬರ್ತಾಳೆ. ಆ ಹಾಡು ನನಗೆ ಕೇಳಿಸಿದೋಳೇ ಅವಳು. ಮೂರು ವರ್ಷದಿಂದ ಕಾಗದ ಬರೀತಿದ್ದೀನಿ, ಬಾ ಅಕ್ಕ, ಆ ಸದ್ದನ್ನೇ ಕೇಳಿಸ್ತೀನಿ ಅಂತ. ಅರವತ್ತೇಳು ತುಂಬಿತು ಅವಳಿಗೆ. ಮಂಡಿ ನೋವು. ಇನ್ನೊಂದು ಸಲ ಬಸ್ಸು ಹತ್ತೋ ಹಾಗಿಲ್ಲ. ಇವತ್ತು ಅವಳು ಹೂಂ ಅಂದರೆ ಉಳಿದೆ."

"ಉಹೂಂ ಅಂದರೆ?"

"ಹನ್ನೊಂದನ್ನೂ ಸೀಳಿ ಹಂಡೆ ಒಲೆಗೆ ಹಾಕ್ತೀನಿ. ಇನ್ನು ಈ ಕಡೆ ತಲೆ ಹಾಕಲ್ಲ."

ಆಚಾರ್ರು ಕೊಡಲಿಯ ಬಾಯಿಯನ್ನು ಹೆಬ್ಬೆರಳಲ್ಲಿ ಸವರಿ ನೋಡಿದರು.

"ಮೊಂಡಾಗಿದೆ. ಮಸೆದಿಡು," ಅಂದರು.

ಸಂಜೆ ಸಾಕಮ್ಮ ಬಂದಳು. ಕುಳ್ಳಗೆ, ದಪ್ಪಗೆ, ಕೈಯಲ್ಲೊಂದು ಬುತ್ತಿಯ ಗಂಟು. ಹೊಸ್ತಿಲು ದಾಟುವ ಮೊದಲೇ ಶುರು ಮಾಡಿದಳು.

"ಏನ್ಲಾ ಜವರ, ಸ್ಪೀಕರ್ ಅಂದೆ, ಇಲ್ಲಿ ನೋಡಿದ್ರೆ ಮದುವೆ ಮನೆಗೆ ಬೀರು ಮಾಡಿ ಮಡಗಿದ್ದೀಯಲ್ಲ! ಸೀರೆ ಎಷ್ಟು ಹಿಡಿತದೆ?"

"ತಮಾಷೆ ಸಾಕು ಕಣಕ್ಕ. ಕೂತ್ಕೊ."

ಕುರ್ಚಿಯನ್ನು ಪೆಟ್ಟಿಗೆಯ ಎದುರಿಗೆ, ಮೂರು ವರ್ಷದಿಂದ ಅಳೆದು ಗುರುತು ಮಾಡಿದ್ದ ಜಾಗದಲ್ಲೇ ಇಟ್ಟ. ಸಾಕಮ್ಮ ಫೋಟೋ ತೆಗೆಸಿಕೊಳ್ಳುವವರ ಹಾಗೆ ಎರಡೂ ಕೈ ಮಂಡಿಯ ಮೇಲಿಟ್ಟು, ತುಟಿ ಬಿಗಿದು ಕೂತಳು.

ಆಚಾರ್ರು ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದರು.

ಹಾಡು ಬಂತು. ಅಂಬಿಗ ಉಸಿರೆಳೆದದ್ದು, ಹುಟ್ಟು ನೀರಿಗೆ ಬಿದ್ದದ್ದು, ತಬಲದವನ ಉಗುರು ತಗುಲಿದ್ದು, ಎಲ್ಲವೂ ಬಂತು. ಕಾಗೆ ಕತ್ತು ಓರೆ ಮಾಡಿ ಕೇಳಿತು.

ಹಾಡು ಮುಗಿಯಿತು. ಜವರಯ್ಯ ಅಕ್ಕನ ಮುಖವನ್ನೇ ನೋಡಿದ.

"ಚೆನ್ನಾಗದೆ ಕಣ್ಲಾ," ಅಂದಳು ಸಾಕಮ್ಮ.

ಮಗು ಸುಟ್ಟ ರೊಟ್ಟಿ ತಂದುಕೊಟ್ಟಾಗ ಹೇಳುತ್ತಾರಲ್ಲ, ಹಾಗೆ.

"ಅದೇನಾ ಅಕ್ಕ? ಆ ಸದ್ದೇನಾ? ನಿಜ ಹೇಳು."

ಸಾಕಮ್ಮ ಬುತ್ತಿಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು.

"ಹಾಡು ಅದೇಯ. ಆದ್ರೆ ಇದು… ನಂಗೊತ್ತಿಲ್ಲ ಕಣಪ್ಪ. ಹಿಂಗೆ ಎದುರಿಗೆ ಕೂರಿಸಿದ್ರೆ ಹೆಣ್ಣು ನೋಡೋಕೆ ಬಂದಂಗದೆ."

ಜವರಯ್ಯ ಎದ್ದು ಹೋಗಿ ಕೊಡಲಿ ಎತ್ತಿಕೊಂಡ.

"ಅಯ್ಯೋ, ಏನ್ಲಾ ಇದು! ನಾನೇನು ಬೇಡ ಅಂದ್ನಾ?"

"ಬಿಡಕ್ಕ. ನೀನು ಹೂಂ ಅನ್ನಲಿಲ್ಲ. ನನಗೂ ಕೇಳಿಸಲಿಲ್ಲ. ಮೂರು ವರ್ಷವೂ ದಂಡ, ಮರವೂ ದಂಡ."

ಆಚಾರ್ರು ಅವನನ್ನು ತಡೆಯಲಿಲ್ಲ. ಸಾಕಮ್ಮನ ಕಡೆ ತಿರುಗಿದರು.

"ತಾಯಿ, ಆ ಹೋಟೆಲಲ್ಲಿ ನೀವು ಯಾವ ಕಡೆ ಕೂತು ಕೇಳ್ತಿದ್ರಿ?"

"ಕೂರೋದೆಲ್ಲಿ ಬಂತು ಸ್ವಾಮಿ? ನಾನು ಬಾಳೆ ಎಲೆ ಹೊತ್ತು ಹಾಕ್ತಿದ್ದೋಳು. ಹಿಂದಿನ ಬಾಗಿಲಿಗೆ ಎಲೆ ಕೊಟ್ಟು, ಅಲ್ಲೇ ಗೋಡೆ ಪಕ್ಕ ನಿಂತ್ಕೊತಿದ್ದೆ. ಒಳಗಿನೋರು ಬಾಗಿಲು ಹಾಕೊಳ್ಳೋರು. ಆದ್ರೂ ಕೇಳೋದು."

"ಇವನು?"

"ಇವನಾ? ನಾಲ್ಕು ವರ್ಷದ ಕತ್ತೆ. ನೆಲಕ್ಕೆ ಕಾಲಿಟ್ರೆ ಅಳ್ತಿದ್ದ. ನನ್ನ ಸೊಂಟದ ಮೇಲೇ ಇರೋನು. ಹಾಡು ಶುರುವಾಯ್ತು ಅಂದ್ರೆ ಸಾಕು, ನನ್ನ ಹೆಗಲಿಗೆ ಕಿವಿ ಒತ್ತಿ ಮಲಗಿಬಿಡೋನು."

ಪೆಟ್ಟಿಗೆಯ ಕಡೆ ಹೊರಟಿದ್ದ ಕೊಡಲಿ ನಿಂತಿತು.

"ಯಾವ ಕಿವಿ ತಾಯಿ?"

"ಬಲಗಿವಿ. ಜೊಲ್ಲು ಸುರಿಸಿ ಸುರಿಸಿ ನನ್ನ ರವಿಕೆ ಎಲ್ಲ ಒಂದೇ ಕಡೆ ಹಾಳಾಗಿತ್ತು."

ಆಚಾರ್ರು ಹೂಂಗುಟ್ಟಿದರು. ಜವರಯ್ಯನ ಕೈಯಿಂದ ಕೊಡಲಿ ತೆಗೆದುಕೊಂಡು ಮೂಲೆಗಿಟ್ಟರು. ಅಕ್ಕತಮ್ಮ ಇಬ್ಬರ ಬೆನ್ನಿಗೂ ಕೈಕೊಟ್ಟು ಹಿತ್ತಿಲ ಬಾಗಿಲಿಂದ ಹೊರಗೆ ದಾಟಿಸಿದರು. ಬಾಗಿಲು ಹಾಕಿ ಒಳಗಿಂದ ಅಗುಳಿ ಜಡಿದರು.

"ಏನ್ಲಾ ನಿಮ್ಮ ಗುರು, ಕುಡಿಯೋಕೆ ನೀರೂ ಕೊಡದೆ ಆಚೆಗೆ ದಬ್ಬಿದನಲ್ಲ!" ಅಂದಳು ಸಾಕಮ್ಮ.

"ಅವರು ಹಂಗೇ ಕಣಕ್ಕ."

ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲು. ಅದರಾಚೆ ಹೊಳೆ. ನೀರಿನ ಮೇಲೆ ಇಳಿಬಿಸಿಲು.

ಒಳಗೆ ಹಾಡು ಶುರುವಾಯಿತು. ಬಾಗಿಲ ಹಲಗೆ ದಾಟಿ, ಗೋಡೆ ದಾಟಿ, ದೂರದ ಮನೆಯ ಮಾತಿನ ಹಾಗೆ ಬಂತು.

ಸಾಕಮ್ಮ ಗೋಡೆಗೆ ಒರಗಿ ನಿಂತಳು. ಒಂದು ಕಾಲಿನ ಮೇಲೆ ಭಾರ ಹಾಕಿ ಸೊಂಟವನ್ನು ತುಸು ಓರೆ ಮಾಡಿದಳು. ಯಾರೂ ಹೇಳಿಕೊಟ್ಟದ್ದಲ್ಲ, ಸೊಂಟಕ್ಕೇ ನೆನಪಾಯಿತು.

"ಇಲ್ಲೇ ಇದ್ದಂಗದಲ್ಲೋ ಆ ಹೋಟ್ಲು," ಅಂದಳು ಮೆಲ್ಲಗೆ.

ಜವರಯ್ಯ ಅಕ್ಕನ ಪಕ್ಕದಲ್ಲಿದ್ದ ಒಗೆಯುವ ಕಲ್ಲಿನ ಮೇಲೆ ಕೂತ. ಆಳು ಎತ್ತರ, ಕಲ್ಲು ಎತ್ತರ, ಅಕ್ಕ ಕುಳ್ಳಿ. ತಲೆ ಸರಿಯಾಗಿ ಅವಳ ಹೆಗಲಿಗೆ ಬಂತು.

ಅಲ್ಲೇ ಇಟ್ಟ. ಬಲಗಿವಿ.

"ಥೂ, ಬಿಳೀ ಗಡ್ಡ ಚುಚ್ಚುತ್ತೆ ಕಣೋ," ಅಂದಳು ಅಕ್ಕ. ಹೆಗಲು ಮಾತ್ರ ಸರಿಸಲಿಲ್ಲ.

ಅಂಬಿಗ ಎರಡನೇ ಸಾಲು ಹಿಡಿದ. ಹುಟ್ಟು ನೀರಿಗೆ ಬಿತ್ತು.

ಆಗ ಬಂತು.

ಪಾತಾಳದಿಂದ ಬಂದ ಹಾಗೆ. ಕಿವಿಗಲ್ಲ, ಮೂಳೆಗೆ. ಗುಂಯ್.

ಜವರಯ್ಯ ಉಸಿರು ಬಿಗಿಹಿಡಿದ. ಎಲ್ಲಿ ಅಲುಗಾಡಿದರೆ ಹೋಗಿಬಿಡುತ್ತದೋ ಅಂತ ಕಣ್ಣು ಕೂಡ ಮಿಟುಕಿಸಲಿಲ್ಲ.

"ಆಚಾರ್ರೇ! ಬಂತು! ಗುಂಯ್ ಬಂತು! ಪೆಟ್ಟಿಗೆಗೆ ಏನು ಮಾಡಿದ್ರಿ?"

ಒಳಗಿಂದ ಮುಳ್ಳು ಎತ್ತಿದ ಸದ್ದು ಕೇಳಿಸಿತು, ಟಕ್ ಅಂತ.

ಹಾಡು ನಿಂತಿತು.

ಗುಂಯ್ ನಿಲ್ಲಲಿಲ್ಲ.

ಸಾಕಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ತುಟಿಯೂ ಮುಚ್ಚಿತ್ತು. ಹಾಡು ನಿಂತದ್ದು ಅವಳಿಗೆ ಗೊತ್ತಾಗಿರಲಿಲ್ಲ. ಗಂಟಲೊಳಗೇ ಮೂರನೇ ಸಾಲಿಗೆ ಹೋಗಿದ್ದಳು.

ಜವರಯ್ಯನ ಕಣ್ಣಿಂದ ನೀರು ಇಳಿದು ಅಕ್ಕನ ರವಿಕೆ ಒಂದೇ ಕಡೆ ಒದ್ದೆಯಾಯಿತು.

ಹೊಳೆಯ ಮೇಲಿನ ಬಿಸಿಲು ಮೆಲ್ಲಗೆ ಆಚೆ ದಡಕ್ಕೆ ಸರಿಯಿತು. ಕಾಗೆ ಕಾದೇ ಕಾಯಿತು.

ಬಹಳ ಹೊತ್ತಾದ ಮೇಲೆ ಒಳಗೆ ಅಗುಳಿ ತೆಗೆದ ಸದ್ದಾಯಿತು.

"ಆಚಾರ್ರೇ," ಅಂದ ಜವರಯ್ಯ. ತಲೆ ಎತ್ತಲಿಲ್ಲ. "ಒಳಗೆ ಬರಲಾ? ಕೊಡಲಿ ಅಲ್ಲೇ ಇದೆ. ಪೆಟ್ಟಿಗೆಗಳನ್ನು ಏನು ಮಾಡಲಿ?"

ಆಚಾರ್ರು ಬಾಗಿಲ ಸಂದಿಯಿಂದ ಒಮ್ಮೆ ನೋಡಿ, ಬಾಗಿಲನ್ನು ಮತ್ತೆ ಮೆಲ್ಲಗೆ ಮುಂದಕ್ಕೆ ಎಳೆದುಕೊಂಡರು.

"ಅದಕ್ಕೇನು ಅವಸರ? ಅಕ್ಕ ಸೊಂಟದಿಂದ ಇಳಿಸಿದ ಮೇಲೆ ಬಾ."